ಯಂಗ್ ಶೆಲ್ಡನ್: ತೀರಿಹೋದ ತಂದೆಯೊಬ್ಬನ ಮರುವಿಚಾರಣೆ

ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ 2017ರ ಸೆಪ್ಟೆಂಬರ್ 25ರ ರಾತ್ರಿ ‘ಯಂಗ್ ಶೆಲ್ಡನ್’ ಎಂಬ ಹಾಸ್ಯ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ಅಂದು ಅದನ್ನು 1.7 ಕೋಟಿಗೂ ಹೆಚ್ಚು ಮಂದಿ ನೋಡಿದರು. ಅಷ್ಟು ಜನರನ್ನು ಸೆಳೆದದ್ದು ಹತ್ತು ವರ್ಷಗಳ ಹಳೆಯ ಪರಿಚಯ. 2007ರಿಂದ ಅದೇ ವಾಹಿನಿಯಲ್ಲಿ ನಡೆಯುತ್ತಿದ್ದ ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ಶೆಲ್ಡನ್ ಕೂಪರ್ ಎಂಬ ಭೌತವಿಜ್ಞಾನಿಯನ್ನು ಅವರು ಬಲ್ಲವರಾಗಿದ್ದರು. ಪ್ಯಾಸಡೀನಾ ನಗರದ ಕ್ಯಾಲ್‌ಟೆಕ್‌ನಲ್ಲಿ ಸಂಶೋಧನೆ ಮಾಡುವ, ಸೋಫಾದ ಒಂದೇ ಮೂಲೆಯಲ್ಲಿ ಕೂರಬೇಕೆಂದು ಹಟ ಹಿಡಿಯುವ, ಕದವನ್ನು ಮೂರು ಬಾರಿ ತಟ್ಟದೆ ಒಳಗೆ ಕಾಲಿಡದ ಆ ಮನುಷ್ಯ ಬಾಲ್ಯದಲ್ಲಿ ಹೇಗಿದ್ದ ಎಂಬುದನ್ನು ತೋರಿಸುವುದಾಗಿ ಹೊಸ ಧಾರಾವಾಹಿ ಹೇಳಿಕೊಂಡಿತ್ತು.

ನೋಡಿದವರ ಅಭಿಪ್ರಾಯಗಳು ಮೊದಲ ದಿನದಿಂದಲೇ ಕವಲೊಡೆದವು. ಹಳೆಯ ಧಾರಾವಾಹಿಯ ಅಬ್ಬರದ ನಗೆ ಇಲ್ಲಿಲ್ಲವೆಂದು ಕೆಲವರು ಬೇಸರಪಟ್ಟರು. ಆ ನಗೆಯನ್ನು ಎಂದೂ ಸಹಿಸಲಾರದೆ ದೂರವಿದ್ದ ಕೆಲವರು ಇದನ್ನು ಮಾತ್ರ ಮೆಚ್ಚಿ ನೋಡತೊಡಗಿದರು. ತಮ್ಮ ಮಗುವನ್ನೇ ಪರದೆಯ ಮೇಲೆ ಕಂಡಂತಾಯಿತೆಂದು ಕೆಲವು ತಂದೆತಾಯಿಯರು ಹೇಳಿದರೆ, ಇಂಥ ಮಗುವನ್ನು ನಗೆಗೆ ವಸ್ತುವಾಗಿಸುವುದು ಸರಿಯೇ ಎಂದು ಬೇರೆ ಕೆಲವರು ಕೇಳಿದರು. ಈ ಎಲ್ಲಕ್ಕಿಂತ ದೀರ್ಘಕಾಲ ನಡೆದು, 2024ರಲ್ಲಿ ಧಾರಾವಾಹಿ ಮುಗಿದ ಮೇಲೂ ಮುಗಿಯದೆ ಉಳಿದಿರುವುದು ಇನ್ನೊಂದು ಜಗಳ. ಅದು ಶೆಲ್ಡನ್‌ನ ತಂದೆ ಜಾರ್ಜ್ ಕೂಪರನಿಗೆ ಸಂಬಂಧಿಸಿದ್ದು. ಆತ ನಿಜವಾಗಿ ಎಂಥವನಾಗಿದ್ದ? ದೊಡ್ಡವನಾದ ಮಗ ಹೇಳಿದ್ದು ನಿಜವೋ, ಈಗ ನಾವು ಕಣ್ಣಾರೆ ನೋಡುತ್ತಿರುವುದು ನಿಜವೋ? ಕಲ್ಪಿತ ಕುಟುಂಬವೊಂದರ ಬಗ್ಗೆ ಎದ್ದ ಈ ಪ್ರಶ್ನೆ ಚರಿತ್ರೆಯ ವಿದ್ಯಾರ್ಥಿಗಳು ದಿನವೂ ಎದುರಿಸುವ ಪ್ರಶ್ನೆಯೇ ಆಗಿದೆ. ಈ ಲೇಖನದ ಆಸಕ್ತಿ ಇರುವುದೂ ಅಲ್ಲಿಯೇ.

ಒಂದು ಧಾರಾವಾಹಿಯ ಪಾತ್ರವನ್ನು ಬೇರ್ಪಡಿಸಿ ಅದಕ್ಕೆ ಸ್ವತಂತ್ರ ಸಂಸಾರ ಹೂಡಿಕೊಡುವ ಪದ್ಧತಿಗೆ ಅಮೆರಿಕದ ಟೆಲಿವಿಷನ್ ವ್ಯವಹಾರದಲ್ಲಿ ಸ್ಪಿನ್-ಆಫ್ ಎಂದು ಹೆಸರು. ಕನ್ನಡದಲ್ಲಿ ಕವಲು ಧಾರಾವಾಹಿ ಎನ್ನಬಹುದು. ಇದು ಹೊಸದೇನಲ್ಲ. 1971ರಲ್ಲಿ ಆರಂಭವಾದ ‘ಆಲ್ ಇನ್ ದಿ ಫ್ಯಾಮಿಲಿ’ಯಿಂದ 1972ರಲ್ಲಿ ‘ಮಾಡ್’, 1975ರಲ್ಲಿ ‘ದಿ ಜೆಫರ್ಸನ್ಸ್’ ಕವಲೊಡೆದವು. ಎರಡನೆಯದು ನೆರೆಮನೆಯ ಕರಿಯ ಕುಟುಂಬವೊಂದರ ಕಥೆಯಾಗಿ 11 ಸೀಸನ್‌ಗಳ ಕಾಲ ನಡೆಯಿತು. ‘ಹ್ಯಾಪಿ ಡೇಸ್’ನಿಂದ 1976ರಲ್ಲಿ ‘ಲವರ್ನ್ ಅಂಡ್ ಶರ್ಲಿ’ಯೂ 1978ರಲ್ಲಿ ‘ಮೋರ್ಕ್ ಅಂಡ್ ಮಿಂಡಿ’ಯೂ ಹುಟ್ಟಿದವು. ಸೋತ ಉದಾಹರಣೆಗಳೂ ಇವೆ. ‘ಫ್ರೆಂಡ್ಸ್’ ಮುಗಿದೊಡನೆ 2004ರಲ್ಲಿ ಬಂದ ‘ಜೋಯಿ’ ಎರಡು ಸೀಸನ್‌ಗಳಿಗೇ ಕಣ್ಮುಚ್ಚಿತು. ಗೆಳೆಯರ ಗುಂಪಿನಲ್ಲಿ ನಗಿಸುತ್ತಿದ್ದ ಪಾತ್ರ ಒಂಟಿಯಾಗಿ ನಿಂತಾಗ ನಗೆ ಬತ್ತಿಹೋಗಿತ್ತು. ಕವಲು ಧಾರಾವಾಹಿಯ ಮೊದಲ ತೊಡಕು ಇದೇ. ಒಂದು ಗುಣದ ಬಲದಿಂದ ಮೆರೆದ ಪಾತ್ರಕ್ಕೆ ಅದು ಊರು, ಮನೆ, ಹಿರಿಯರು, ಹಣಕಾಸಿನ ಚಿಂತೆ ಎಲ್ಲವನ್ನೂ ಒದಗಿಸಬೇಕಾಗುತ್ತದೆ. ಒದಗಿಸಿದ ಮೇಲೆ ಆ ಪಾತ್ರ ಹಳೆಯದಾಗಿಯೇ ಉಳಿಯುವುದಿಲ್ಲ.

ನಮ್ಮ ಪ್ರಶ್ನೆಗೆ ಹತ್ತಿರವಾದ ಪೂರ್ವನಿದರ್ಶನವೊಂದು 1990ರ ದಶಕದಲ್ಲಿಯೇ ನಡೆದುಹೋಗಿದೆ. ಬಾಸ್ಟನ್ನಿನ ಮದ್ಯದಂಗಡಿಯೊಂದರಲ್ಲಿ ನಡೆಯುವ ‘ಚಿಯರ್ಸ್’ ಧಾರಾವಾಹಿಯಲ್ಲಿ ಫ್ರೇಸಿಯರ್ ಕ್ರೇನ್ ಎಂಬ ಮನೋವೈದ್ಯ ತನ್ನ ತಂದೆ ವಿಜ್ಞಾನಿಯಾಗಿದ್ದರೆಂದೂ ಈಗ ಬದುಕಿಲ್ಲವೆಂದೂ ಹೇಳಿಕೊಂಡಿದ್ದ. 1993ರಲ್ಲಿ ಅವನದೇ ಹೆಸರಿನ ಧಾರಾವಾಹಿ ಆರಂಭವಾದಾಗ ತಂದೆ ಜೀವಂತವಾಗಿ ಎದುರಾದ. ಆತ ವಿಜ್ಞಾನಿಯೂ ಆಗಿರಲಿಲ್ಲ. ಗಾಯಗೊಂಡು ನಿವೃತ್ತನಾದ ಪೊಲೀಸು. ಹಳೆಯ ಗೆಳೆಯನೊಬ್ಬ 1995ರ ಕಂತಿನಲ್ಲಿ ಬಂದು ಇದೇನೆಂದು ಕೇಳಿದಾಗ ಫ್ರೇಸಿಯರ್ ಕೊಟ್ಟ ಸಮಜಾಯಿಷಿ ಸರಳವಾಗಿತ್ತು. ಆಗ ತಂದೆಯೊಡನೆ ಜಗಳವಾಗಿತ್ತು, ಸಿಟ್ಟಿನಲ್ಲಿ ಹಾಗೆ ಹೇಳಿದ್ದೆ ಎಂದ. ಓದಿ ಮೇಲೆ ಬಂದ ಮಗನೊಬ್ಬ ತನ್ನ ಸಾಮಾನ್ಯ ತಂದೆಯನ್ನು ಗೆಳೆಯರೆದುರು ಸಾಯಿಸಿಬಿಟ್ಟಿದ್ದ. ಕಥೆ ಬರೆದವರ ಹೊಂದಾಣಿಕೆಯೊಂದು ಹೀಗೆ ಬದುಕಿನ ಕಹಿ ಸತ್ಯವೊಂದನ್ನು ಮುಟ್ಟಿತು. ಪ್ರೇಕ್ಷಕರು ಅದನ್ನು ಒಪ್ಪಿದರು. ‘ಫ್ರೇಸಿಯರ್’ ಸತತ ಐದು ವರ್ಷ ಶ್ರೇಷ್ಠ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಪಡೆದು 2004ರವರೆಗೆ ನಡೆಯಿತು.

ಶೆಲ್ಡನ್‌ನ ಪ್ರಕರಣ ಇದಕ್ಕಿಂತ ತೊಡಕಿನದು. ಫ್ರೇಸಿಯರ್ ಹೇಳಿದ್ದು ಒಂದು ಸುಳ್ಳು. ಶೆಲ್ಡನ್ ಹೇಳಿದ್ದು ಹತ್ತು ವರ್ಷಗಳುದ್ದಕ್ಕೂ ಬಿಡಿಬಿಡಿಯಾಗಿ ಉದುರಿದ ನೆನಪುಗಳು. ‘ಬಿಗ್ ಬ್ಯಾಂಗ್’ನಲ್ಲಿ ತಂದೆ ನಮಗೆ ಸಿಗುವುದು ಮಗನ ನಗೆಮಾತುಗಳ ಮೂಲಕ. ಕುಡುಕ, ಸೋಮಾರಿ, ಹೆಂಡತಿಯೊಡನೆ ಸದಾ ಕಾದಾಡುವವನು, ಮಗನ ಬುದ್ಧಿಯನ್ನು ಅರಿಯಲಾರದವನು, ಮಗನಿಗೆ 14 ವರ್ಷವಾದಾಗ ತೀರಿಕೊಂಡವನು. ಇವೆಲ್ಲ ನಗೆಯ ನಡುವೆ ಬಂದುಹೋಗುತ್ತಿದ್ದ ಸಂಗತಿಗಳು. 2016ರ ಕಂತೊಂದರಲ್ಲಿ ಮಾತ್ರ ನಗೆ ನಿಂತಿತು. ಕದವನ್ನು ಮೂರು ಬಾರಿ ತಟ್ಟುವ ಅಭ್ಯಾಸದ ಮೂಲವನ್ನು ಶೆಲ್ಡನ್ ಆ ದಿನ ಪೆನ್ನಿಗೆ ಹೇಳಿದ. 13ನೆಯ ವಯಸ್ಸಿನಲ್ಲಿ ತಾನು ಅನಿರೀಕ್ಷಿತವಾಗಿ ಮನೆಗೆ ಬಂದು ಕದ ತೆರೆದಾಗ ತಂದೆ ಬೇರೊಬ್ಬ ಹೆಂಗಸಿನೊಡನೆ ಇದ್ದುದನ್ನು ಕಂಡೆನೆಂದೂ, ಅಂದಿನಿಂದ ಒಳಗಿರುವವರಿಗೆ ಸಾವರಿಸಿಕೊಳ್ಳಲು ಸಮಯ ಕೊಡುವುದಕ್ಕಾಗಿ ಮೂರು ಬಾರಿ ತಟ್ಟುತ್ತೇನೆಂದೂ ಹೇಳಿದ. ಒಂಬತ್ತು ವರ್ಷ ಪ್ರೇಕ್ಷಕರು ನಕ್ಕಿದ್ದ ಚೇಷ್ಟೆಯೊಂದು ಒಂದೇ ಮಾತಿನಲ್ಲಿ ಗಾಯದ ಗುರುತಾಗಿ ಬದಲಾಯಿತು. ತಂದೆಯ ಮೇಲಿನ ತೀರ್ಪು ಅಂದಿಗೆ ಮುಗಿದಂತೆ ಕಂಡಿತು.

ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥವನ ಮಾತಿನಲ್ಲಿ ಹೇಳುವುದಾದರೆ ಇದು ಏಕಪಕ್ಷೀಯ ವರದಿ. ಸಾಕ್ಷಿ ಒಬ್ಬನೇ. ಆತ ಘಟನೆ ನಡೆದಾಗ ಬಾಲಕ. ಎದುರು ಪಕ್ಷದವನು ಹೇಳಿಕೆ ಕೊಡಲು ಬದುಕಿಲ್ಲ. ಸಾಕ್ಷಿಗೆ ಅಸಾಧಾರಣ ನೆನಪಿನ ಶಕ್ತಿಯಿದೆ ಎಂಬ ಒಂದೇ ಕಾರಣಕ್ಕೆ ಅವನ ಮಾತನ್ನು ಯಾರೂ ಅಡ್ಡಪ್ರಶ್ನೆಗೆ ಒಳಪಡಿಸಲಿಲ್ಲ. ಕಂಡದ್ದನ್ನು ಮರೆಯದಿರುವ ಶಕ್ತಿ ಬೇರೆ, ಕಂಡದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿ ಬೇರೆ. ಮನುಷ್ಯರ ಮುಖಭಾವವನ್ನು ಓದಲಾರದವನೆಂದು ಪ್ರತಿ ಕಂತಿನಲ್ಲಿಯೂ ನಗೆಗೀಡಾಗುತ್ತಿದ್ದ ಶೆಲ್ಡನ್‌ನನ್ನು, ತನ್ನ ತಂದೆಯ ವಿಷಯದಲ್ಲಿ ಮಾತ್ರ ಪ್ರೇಕ್ಷಕರು ಪೂರ್ತಿಯಾಗಿ ನಂಬಿದರು. ವೇಯ್ನ್ ಬೂತ್ 1961ರಲ್ಲಿ ‘ನಂಬಲರ್ಹನಲ್ಲದ ನಿರೂಪಕ’ ಎಂಬ ಪರಿಭಾಷೆಯನ್ನು ಸಾಹಿತ್ಯವಿಮರ್ಶೆಗೆ ಕೊಟ್ಟ. ಕಾದಂಬರಿಗಳಲ್ಲಿ ಆ ನಿರೂಪಕನನ್ನು ಗುರುತಿಸಲು ಎಂ.ಎ. ತರಗತಿಗಳಲ್ಲಿ ಕಲಿಯುತ್ತೇವೆ. ನಗಿಸುವವನ ವಿಷಯದಲ್ಲಿ ಆ ಎಚ್ಚರ ನಮ್ಮ ಕೈತಪ್ಪುತ್ತದೆ.

ಹೊಸ ಧಾರಾವಾಹಿಯ ಮೂಲ ಸಲಹೆ ಬಂದದ್ದು ಶೆಲ್ಡನ್ ಪಾತ್ರಕ್ಕೆ ನಾಲ್ಕು ಬಾರಿ ಎಮ್ಮಿ ಪಡೆದ ಜಿಮ್ ಪಾರ್ಸನ್ಸ್‌ನಿಂದ. ಆತ ಟೆಕ್ಸಸ್‌ನವನೇ. ತನ್ನ ಕುಟುಂಬದಲ್ಲಿ ಬೆಳೆಯುತ್ತಿದ್ದ ಚುರುಕು ಹುಡುಗನೊಬ್ಬನನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತು. ಚಕ್ ಲಾರಿ ಮತ್ತು ಸ್ಟೀವನ್ ಮೊಲಾರೊ ಅದನ್ನು ಧಾರಾವಾಹಿಯಾಗಿ ರೂಪಿಸಿದರು. ಮೊದಲ ಕಂತನ್ನು ಜಾನ್ ಫಾವ್ರೊ ನಿರ್ದೇಶಿಸಿದ. ಕಥೆ 1989ರಲ್ಲಿ ಟೆಕ್ಸಸ್ಸಿನ ಪೂರ್ವಭಾಗದ ಮೆಡ್‌ಫರ್ಡ್ ಎಂಬ ಕಲ್ಪಿತ ಊರಿನಲ್ಲಿ ತೆರೆದುಕೊಳ್ಳುತ್ತದೆ. ಒಂಬತ್ತು ವರ್ಷದ ಹುಡುಗ ಕೊರಳಿಗೆ ಬೋ ಟೈ ಕಟ್ಟಿಕೊಂಡು, ತನಗಿಂತ ಎರಡು ಪಾಲು ಎತ್ತರದ ಮಕ್ಕಳ ನಡುವೆ ಹೈಸ್ಕೂಲಿಗೆ ಹೋಗುತ್ತಾನೆ. ತಂದೆ ಅದೇ ಶಾಲೆಯ ಫುಟ್‌ಬಾಲ್ ತರಬೇತುದಾರ. ತಾಯಿ ಮೇರಿ ಬ್ಯಾಪ್ಟಿಸ್ಟ್ ಚರ್ಚಿನ ಶ್ರದ್ಧಾವಂತೆ. ಅಣ್ಣ ಜಾರ್ಜಿ, ಅವಳಿ ತಂಗಿ ಮಿಸ್ಸಿ, ಎದುರುಮನೆಯ ಅಜ್ಜಿ ಮೀಮಾ. ಊಟಕ್ಕೆ ಮುನ್ನ ಕೈ ಕೈ ಹಿಡಿದು ಪ್ರಾರ್ಥಿಸುವಾಗ ಸೋಂಕಿಗೆ ಹೆದರಿ ಕೈಗವಸು ತೊಡುವ ಮಗನನ್ನು ಆ ಮನೆ ಸಹಿಸಿಕೊಂಡಿದೆ. ದೊಡ್ಡ ಶೆಲ್ಡನ್ ಆಗಿ ಪಾರ್ಸನ್ಸ್‌ನ ದನಿ ಇದನ್ನೆಲ್ಲ ನಿರೂಪಿಸುತ್ತ ಹೋಗುತ್ತದೆ.

ಮೊದಲ ಅಸಮಾಧಾನ ಹುಟ್ಟಿದ್ದು ನಗೆಯ ಬಗ್ಗೆ. ‘ಬಿಗ್ ಬ್ಯಾಂಗ್’ ಹಲವು ಕ್ಯಾಮೆರಾಗಳಿಂದ, ಪ್ರೇಕ್ಷಕರ ಸಮ್ಮುಖದಲ್ಲಿ ಚಿತ್ರೀಕರಣಗೊಳ್ಳುತ್ತಿದ್ದ ನಾಟಕದಂಥ ರಚನೆ. ಪ್ರತಿ ಮಾತಿನ ಕೊನೆಗೆ ನಗೆ ಕೇಳಿಸುತ್ತಿತ್ತು. 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ತಂತ್ರಜ್ಞ ಮುದ್ರಿತ ನಗೆಯ ಯಂತ್ರವನ್ನು ರೂಪಿಸಿದಂದಿನಿಂದ ಅಮೆರಿಕದ ಪ್ರೇಕ್ಷಕ ಯಾವಾಗ ನಗಬೇಕೆಂದು ಹೇಳಿಸಿಕೊಂಡೇ ಬೆಳೆದಿದ್ದಾನೆ. ‘ಯಂಗ್ ಶೆಲ್ಡನ್’ನಲ್ಲಿ ಆ ನಗೆಯನ್ನು ತೆಗೆದುಹಾಕಿದರು. ಚಲನಚಿತ್ರದಂತೆ ಒಂದೇ ಕ್ಯಾಮೆರಾ, ಹೊರಾಂಗಣ, ಮೌನ. 1988ರ ‘ದಿ ವಂಡರ್ ಇಯರ್ಸ್’ನಿಂದ ದೊಡ್ಡವನ ದನಿಯಲ್ಲಿ ಬಾಲ್ಯದ ನಿರೂಪಣೆಯನ್ನೂ, 2000ದ ‘ಮಾಲ್ಕಂ ಇನ್ ದಿ ಮಿಡ್ಲ್’ನಿಂದ ಬುದ್ಧಿವಂತ ಹುಡುಗ ಮತ್ತು ಹಣದ ಅಡಚಣೆಯ ಮನೆಯನ್ನೂ ಇದು ಪಡೆದುಕೊಂಡಂತಿತ್ತು. ಈ ಬದಲಾವಣೆ ಕೇವಲ ತಂತ್ರದ್ದಲ್ಲ. ವೇದಿಕೆಯ ಮೇಲೆ ಶೆಲ್ಡನ್ ಒರಟು ಮಾತಾಡಿದರೆ ನಗೆ ಎದ್ದು ಆ ಮಾತು ಮುಗಿದುಹೋಗುತ್ತಿತ್ತು. ಇಲ್ಲಿ ಅದೇ ಬಗೆಯ ಮಾತು ಆಡಿದರೆ, ಕ್ಯಾಮೆರಾ ಅದನ್ನು ಕೇಳಿಸಿಕೊಂಡ ತಾಯಿಯ ಅಥವಾ ತಂಗಿಯ ಮುಖದ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ನಗೆ ಕಡಿಮೆಯಾಯಿತೆಂದು ದೂರಿದವರು ಗುರುತಿಸಿದ್ದು ನಿಜವನ್ನೇ. ನಗೆ ಇದ್ದ ಜಾಗದಲ್ಲಿ ಈಗ ಮನೆಯವರು ಇದ್ದರು.

ಮಗುವಿನ ಸ್ವಭಾವಕ್ಕೆ ಹೆಸರಿಡುವ ಪ್ರಶ್ನೆ ಎರಡನೆಯದು. ಶೆಲ್ಡನ್‌ಗೆ ಆಟಿಸಂ ಇದೆಯೇ ಎಂದು ‘ಬಿಗ್ ಬ್ಯಾಂಗ್’ನ ಕಾಲದಿಂದಲೇ ಕೇಳಲಾಗುತ್ತಿತ್ತು. ನಿರ್ಮಾಪಕರು ಎಂದೂ ಆ ಹೆಸರನ್ನು ಒಪ್ಪಲಿಲ್ಲ. ಹೆಸರಿಲ್ಲದ್ದರಿಂದ ಪಾತ್ರ ಸ್ವತಂತ್ರವಾಗಿದೆ ಎಂದವರುಂಟು. ಹೆಸರಿಟ್ಟರೆ ನಗಲು ಸಂಕೋಚವಾಗುತ್ತದೆಂದೇ ಇಟ್ಟಿಲ್ಲ ಎಂದವರೂ ಉಂಟು. ಕಾಲದ ದೃಷ್ಟಿಯಿಂದ ನೋಡಿದರೆ 1989ರ ಮೆಡ್‌ಫರ್ಡ್‌ನಲ್ಲಿ ಆ ತಾಯಿಗೆ ಇಂಥ ಹೆಸರು ಸಿಗುವುದೇ ಕಷ್ಟವಿತ್ತು. ‘ರೇನ್ ಮ್ಯಾನ್’ ಚಿತ್ರ ಬಂದದ್ದು 1988ರ ಕೊನೆಗೆ. ಆಸ್ಪರ್ಗರ್ ಲಕ್ಷಣವೆಂಬುದು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಸೇರಿದ್ದು 1994ರಲ್ಲಿ. 2013ರಲ್ಲಿ ಅದನ್ನು ಆಟಿಸಂನ ವಿಶಾಲ ವರ್ಗದೊಳಗೆ ಸೇರಿಸಲಾಯಿತು. ಹೆಸರು ದೊರೆಯುವುದಕ್ಕೆ ಮುನ್ನ ಇಂಥ ಮಕ್ಕಳನ್ನು ಬೆಳೆಸಿದ ತಾಯಂದಿರಿಗೆ ತಮ್ಮ ಮನೆಯ ಬುದ್ಧಿಯೇ ಕೈಪಿಡಿಯಾಗಿತ್ತು. ಮೇರಿಯ ಪಾತ್ರವನ್ನು ಪ್ರೇಕ್ಷಕರು ಬಹುಮಟ್ಟಿಗೆ ಒಮ್ಮತದಿಂದ ಮೆಚ್ಚಲು ಇದೂ ಒಂದು ಕಾರಣವಿರಬೇಕು. ಹಳೆಯ ಧಾರಾವಾಹಿಯಲ್ಲಿ ಆ ಪಾತ್ರ ಮಾಡಿದ್ದ ಲಾರಿ ಮೆಟ್ಕಾಫ್‌ಳ ಸ್ವಂತ ಮಗಳು ಜೋಯಿ ಪೆರಿ ಇಲ್ಲಿ ಅದನ್ನು ವಹಿಸಿದಳೆಂಬುದು ಆ ಮೆಚ್ಚುಗೆಗೆ ಇನ್ನಷ್ಟು ಬಲ ಕೊಟ್ಟಿತು.

ಮೂರನೆಯ ಪ್ರಶ್ನೆ ತಂದೆಯದು. ಲ್ಯಾನ್ಸ್ ಬಾರ್ಬರ್ ನಟಿಸಿದ ಜಾರ್ಜ್ ಕೂಪರ್ ಬಿಯರ್ ಕುಡಿಯುತ್ತಾನೆ, ಟಿ.ವಿ. ಮುಂದೆ ಕೂರುತ್ತಾನೆ, ಹೆಂಡತಿಯೊಡನೆ ಜಗಳವಾಡುತ್ತಾನೆ. ಮಗ ಹೇಳಿದ್ದ ವಿವರಗಳು ಎಲ್ಲವೂ ಇವೆ. ಆದರೆ ಮಗ ಹೇಳದೆ ಬಿಟ್ಟ ವಿವರಗಳೂ ಇವೆ. ಕುಟುಂಬ ಗ್ಯಾಲ್ವೆಸ್ಟನ್ ಬಿಟ್ಟು ಈ ಸಣ್ಣ ಊರಿಗೆ ಬಂದದ್ದೇ ತಂದೆ ಅಲ್ಲಿ ಅಕ್ರಮವೊಂದನ್ನು ವರದಿ ಮಾಡಿ ಕೆಲಸ ಕಳೆದುಕೊಂಡದ್ದರಿಂದ. ಅರ್ಥವಾಗದ ಮಗನಿಗಾಗಿ ಆತ ದೂರದ ಊರುಗಳಿಗೆ ಕಾರು ಓಡಿಸುತ್ತಾನೆ, ಇರುವ ಹಣದಲ್ಲಿ ಹೊಂದಿಸುತ್ತಾನೆ, ಮಿಸ್ಸಿಗೆ ಗೆಳೆಯನಾಗುತ್ತಾನೆ. ಹಳೆಯ ಪ್ರೇಕ್ಷಕರಲ್ಲಿ ಒಂದು ಪಂಗಡ ಇದನ್ನು ಒಪ್ಪಲಿಲ್ಲ. ನಮಗೆ ಹೇಳಿದ್ದ ಮನುಷ್ಯ ಇವನಲ್ಲ, ಇದು ಚರಿತ್ರೆಯನ್ನು ತಿದ್ದುವ ಕೆಲಸ ಎಂದರು. ಕಂತು ಕಂತುಗಳನ್ನು ಹೋಲಿಸಿ ತಾಳೆಯಾಗದ ಸಂಗತಿಗಳ ಪಟ್ಟಿ ಮಾಡಿದರು. ಇನ್ನೊಂದು ಪಂಗಡ ಜಾರ್ಜ್‌ನನ್ನು ಪ್ರೀತಿಸತೊಡಗಿ, ಅವನು ಸಾಯಲೇಬೇಕೆ, ಆ ಒಂದು ಸಂಗತಿಯನ್ನಾದರೂ ತಿದ್ದಬಾರದೆ ಎಂದು ಕೇಳಿತು.

ಕುತೂಹಲದ ವಿಷಯವೆಂದರೆ ತಿದ್ದುಪಡಿ ಕವಲಿನಲ್ಲಿ ಮಾತ್ರ ನಡೆಯಲಿಲ್ಲ. ಮೂಲವೂ ಅದರಿಂದ ಬದಲಾಯಿತು. 2018ರ ಮೇ ತಿಂಗಳಲ್ಲಿ, ‘ಯಂಗ್ ಶೆಲ್ಡನ್’ನ ಮೊದಲ ಸೀಸನ್ ನಡೆಯುತ್ತಿರುವಾಗಲೇ, ‘ಬಿಗ್ ಬ್ಯಾಂಗ್’ನಲ್ಲಿ ಅಣ್ಣ ಜಾರ್ಜಿ ಮೊದಲ ಬಾರಿಗೆ ಕಾಣಿಸಿಕೊಂಡ. ಟೆಕ್ಸಸ್‌ನಲ್ಲಿ ಟೈರ್ ಅಂಗಡಿ ನಡೆಸುವ ಆತನನ್ನು ತನ್ನ ಮದುವೆಗೆ ಕರೆಯಲು ಶೆಲ್ಡನ್ ಹೋದಾಗ ಅಣ್ಣನ ಬಾಯಿಂದ ಬಂದದ್ದು ದೀರ್ಘಕಾಲದ ಅಳಲು. ಅಪ್ಪ ಸತ್ತ ಮೇಲೆ ನೀನು ಓದಲು ಹೊರಟುಹೋದೆ, ಅಮ್ಮನನ್ನೂ ತಂಗಿಯನ್ನೂ ನೋಡಿಕೊಂಡವನು ನಾನು ಎಂಬುದು ಅದರ ಸಾರಾಂಶ. ಶೆಲ್ಡನ್‌ಗೆ ಇದು ತಿಳಿದೇ ಇರಲಿಲ್ಲ. ಅದೇ ವರ್ಷದ ಡಿಸೆಂಬರಿನ ಕಂತಿನಲ್ಲಿ ಆತ ಬಾಲ್ಯದ ವಿಡಿಯೊ ಟೇಪೊಂದನ್ನು ಹಾಕಿ ನೋಡುತ್ತಾನೆ. ಅದರಲ್ಲಿ ತಾನು ಮುದ್ರಿಸಿಟ್ಟದ್ದರ ಮೇಲೆ ತಂದೆಯ ಫುಟ್‌ಬಾಲ್ ಪಂದ್ಯದ ದೃಶ್ಯ ಇದೆ. ಸೋಲುತ್ತಿರುವ ಹುಡುಗರಿಗೆ ತಂದೆ ಧೈರ್ಯ ಹೇಳುತ್ತಿರುವುದನ್ನು ಮಗ ಅಷ್ಟು ವರ್ಷಗಳ ನಂತರ ಕೇಳಿಸಿಕೊಳ್ಳುತ್ತಾನೆ. ಆ ಟೇಪಿನಲ್ಲಿ ಕಾಣುವವನು ಅದೇ ಲ್ಯಾನ್ಸ್ ಬಾರ್ಬರ್. ಕಡತಕ್ಕೆ ಹೀಗೆ ಎರಡು ಹೊಸ ದಾಖಲೆಗಳು ಸೇರಿದವು. ಒಂದು ಇನ್ನೊಬ್ಬ ಸಾಕ್ಷಿಯ ಹೇಳಿಕೆ, ಇನ್ನೊಂದು ಸತ್ತವನ ಸ್ವಂತ ದನಿ.

2016ರ ಆಪಾದನೆಗೆ ಉತ್ತರ ಸಿಕ್ಕಿದ್ದು ‘ಯಂಗ್ ಶೆಲ್ಡನ್’ನ ಕೊನೆಯ ಸೀಸನ್‌ನಲ್ಲಿ. ಹುಡುಗ ಕದ ತೆರೆದಾಗ ಕಂಡ ಆ ಪರಸ್ತ್ರೀ ಬೇರಾರೂ ಅಲ್ಲ. ಕೃತಕ ಕೂದಲು ಧರಿಸಿ ಗಂಡನೊಡನೆ ಸರಸದಲ್ಲಿದ್ದ ತಾಯಿ ಮೇರಿಯೇ. ಹುಡುಗ ನೋಡಿದ್ದು ನಿಜ, ಅರ್ಥಮಾಡಿಕೊಂಡದ್ದು ತಪ್ಪು. ಯಾರನ್ನೂ ಕೇಳದೆ ತಿರುಗಿ ನಡೆದದ್ದರಿಂದ ಆ ತಪ್ಪು ಜೀವನಪರ್ಯಂತ ಉಳಿಯಿತು. ಪ್ರೇಕ್ಷಕರು ಇಲ್ಲಿಯೂ ಎರಡಾದರು. ಇದು ಅನುಕೂಲಕ್ಕೆ ಹೆಣೆದ ಜಾಣತನ, ಕಷ್ಟದ ಸತ್ಯವೊಂದನ್ನು ಹಗುರಾಗಿಸಿದರು ಎಂಬುದು ಒಂದು ವಾದ. ಆ ವಾದದಲ್ಲಿ ಹುರುಳಿದೆ. ಒಳ್ಳೆಯ ತಂದೆಯೂ ಕೆಟ್ಟದ್ದನ್ನು ಮಾಡಬಲ್ಲ ಎಂಬ ಕಥೆಗೆ ಇದಕ್ಕಿಂತ ಹೆಚ್ಚಿನ ತೂಕವಿರುತ್ತಿತ್ತು. ಆದರೂ ಇನ್ನೊಂದು ವಾದದ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಅಸಾಧಾರಣ ಬುದ್ಧಿಯ ಮಗ ತನ್ನ ಮನೆಯ ಬಗ್ಗೆ ಇಟ್ಟುಕೊಂಡಿದ್ದ ಮುಖ್ಯ ಸಿದ್ಧಾಂತವೇ ಒಂದೇ ವೀಕ್ಷಣೆಯ ಮೇಲೆ ನಿಂತಿತ್ತು, ಮತ್ತು ಪರೀಕ್ಷೆಗೊಳಪಡದೆ ಉಳಿದಿತ್ತು. ಭೌತವಿಜ್ಞಾನದಲ್ಲಿ ಆತ ಎಂದೂ ಸಹಿಸದ ಶೈಥಿಲ್ಯ ಇದು.

ಬುದ್ಧಿವಂತ ಮಕ್ಕಳ ನಿಜವಾದ ಚರಿತ್ರೆಯಲ್ಲಿಯೂ ಕಥೆ ಯಾರ ಕೈಯಲ್ಲಿದೆ ಎಂಬುದೇ ನಿರ್ಣಾಯಕವಾಗಿರುತ್ತದೆ. 1898ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ಸೈಡಿಸ್ ಮನಶ್ಶಾಸ್ತ್ರಜ್ಞ ಬೋರಿಸ್ ಸೈಡಿಸ್‌ನ ಮಗ. 1909ರಲ್ಲಿ 11ನೆಯ ವಯಸ್ಸಿಗೆ ಹಾರ್ವರ್ಡ್ ಸೇರಿದ; ಮರುವರ್ಷ ಅಲ್ಲಿನ ಗಣಿತ ಸಂಘದಲ್ಲಿ ನಾಲ್ಕು ಆಯಾಮಗಳ ಆಕೃತಿಗಳ ಬಗ್ಗೆ ಉಪನ್ಯಾಸ ಕೊಟ್ಟ. ಪತ್ರಿಕೆಗಳು ಅವನನ್ನು ಹೊತ್ತು ಮೆರೆಸಿದವು. ದೊಡ್ಡವನಾದ ಮೇಲೆ ಆತ ಬಯಸಿದ್ದು ಯಾರ ಕಣ್ಣಿಗೂ ಬೀಳದ ಗುಮಾಸ್ತಿಕೆಯನ್ನು, ಮತ್ತು ಟ್ರಾಮ್ ಬಂಡಿಗಳ ಚೀಟಿಗಳನ್ನು ಸಂಗ್ರಹಿಸುವ ಹವ್ಯಾಸವನ್ನು. 1937ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆ ಅವನನ್ನು ಹುಡುಕಿ ತೆಗೆದು, ಅಂಥ ಬಾಲಕ ಇಂಥವನಾದನೆಂದು ಬರೆಯಿತು. ಆತ ಮೊಕದ್ದಮೆ ಹೂಡಿದ. 1940ರಲ್ಲಿ ಮೇಲ್ಮನವಿ ನ್ಯಾಯಾಲಯ ಪತ್ರಿಕೆಯ ಪರವಾಗಿ ತೀರ್ಪಿತ್ತಿತು. ನಾಲ್ಕು ವರ್ಷಗಳ ಬಳಿಕ ಸೈಡಿಸ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ. ತನ್ನ ಬದುಕಿನ ಕಥೆಯನ್ನು ತಾನು ಹೇಳುವ ಅಥವಾ ಹೇಳದಿರುವ ಅಧಿಕಾರ ಆ ಪ್ರತಿಭಾವಂತನಿಗೆ ದಕ್ಕಲಿಲ್ಲ.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರದು. ತಂದೆ ಸರ್ಕಸ್ ಕಲಾವಿದರು. ಇಸ್ಪೀಟಿನ ಎಲೆಗಳೊಡನೆ ಆಡುತ್ತಿದ್ದ ಮಗುವಿನ ಸ್ಮರಣಶಕ್ತಿಯನ್ನು ಗುರುತಿಸಿದವರೂ, ಊರೂರಿಗೆ ಕರೆದೊಯ್ದು ಪ್ರದರ್ಶನ ಕೊಡಿಸಿದವರೂ ಅವರೇ. ಆರನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಮಗು ಲೆಕ್ಕ ಮಾಡಿ ತೋರಿಸಿತು. ಶಾಲೆಯ ಓದು ದಕ್ಕಲಿಲ್ಲ. ಸಂಸಾರದ ಸಂಪಾದನೆಯ ಭಾರ ಎಳವೆಯಲ್ಲಿಯೇ ಮೇಲೆ ಬಿತ್ತು. 1977ರಲ್ಲಿ ಟೆಕ್ಸಸ್‌ನ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಕಲ್ಪಿತ ಶೆಲ್ಡನ್ ಹುಟ್ಟಿದ್ದು ಅದೇ 1980ರಲ್ಲಿ. ಟೆಕ್ಸಸ್ ಬಾಲಪ್ರತಿಭೆಯ ಧಾರಾವಾಹಿಯನ್ನು ನೋಡುವ ಎಷ್ಟೋ ಮೊದಲು ಕನ್ನಡನಾಡಿನ ಬಾಲಪ್ರತಿಭೆಯೊಂದು ಬೆಳೆದು ಬಂದು ಅದರ ನೆಲದಲ್ಲಿ ನಿಂತಿತ್ತು. 2020ರಲ್ಲಿ ವಿದ್ಯಾ ಬಾಲನ್ ನಟಿಸಿದ ಚಲನಚಿತ್ರ ಬಂದಾಗ ಅದು ಕಥೆಯನ್ನು ಕಟ್ಟಿದ್ದು ಮಗಳ ನೋಟದ ಸುತ್ತ. ಪ್ರತಿಭೆಯ ಬೆಲೆಯನ್ನು ಜೊತೆಯಲ್ಲಿದ್ದವರು ಹೇಗೆ ತೆತ್ತರೆಂಬುದು ಅಲ್ಲಿಯೂ ಮುಖ್ಯ ವಸ್ತುವಾಯಿತು. ತಾಯಿಯನ್ನು ಗಣಕಯಂತ್ರವೆಂದು ಜಗತ್ತು ಹೊಗಳಿದಾಗ ಮಗಳಿಗೆ ಬೇಕಿದ್ದದ್ದು ತಾಯಿ.

ಈ ಎಲ್ಲ ನೆಲೆಗಳಿಂದ ನೋಡಿದಾಗ ‘ಯಂಗ್ ಶೆಲ್ಡನ್’ನ ಏಳು ಸೀಸನ್‌ಗಳ, 141 ಕಂತುಗಳ ಪಯಣದ ದಿಕ್ಕು ಸ್ಪಷ್ಟವಾಗುತ್ತದೆ. ಶೀರ್ಷಿಕೆಯಲ್ಲಿರುವ ಹುಡುಗ ಕ್ರಮೇಣ ಮನೆಯ ಐವರಲ್ಲಿ ಒಬ್ಬನಾದ. ಶೆಲ್ಡನ್‌ನ ಕಥೆ ಕಡಿಮೆಯಾಯಿತೆಂಬ ದೂರು ಕೇಳಿಬಂದದ್ದು ಇದರಿಂದಲೇ. ಜಾರ್ಜಿ ಶಾಲೆ ಬಿಟ್ಟು ದುಡಿಯತೊಡಗಿದ, ಹದಿಹರೆಯದಲ್ಲಿಯೇ ತಂದೆಯಾದ. ಎಲ್ಲರ ಗಮನ ಅವಳಿ ಅಣ್ಣನ ಮೇಲಿರುವ ಮನೆಯಲ್ಲಿ ಮಿಸ್ಸಿ ತನ್ನನ್ನು ತಾನೇ ಬೆಳೆಸಿಕೊಂಡಳು. 2024ರ ಮೇ 9ರಂದು ಪ್ರಸಾರವಾದ ಕಂತಿನ ಕೊನೆಗೆ ತಂದೆಯ ಹೃದಯಾಘಾತದ ಸುದ್ದಿ ಮನೆಬಾಗಿಲಿಗೆ ಬಂತು. ಆ ಬೆಳಿಗ್ಗೆ ಆತ ಎಂದಿನಂತೆ ಹೋಗಿಬರುತ್ತೇನೆಂದು ಹೊರಟಿದ್ದ. ಯಾರೂ ವಿಶೇಷವಾಗಿ ತಲೆಯೆತ್ತಿ ನೋಡಿರಲಿಲ್ಲ. ಮುಂದಿನ ವಾರದ ಕಂತಿನಲ್ಲಿ ಶೆಲ್ಡನ್ ಆ ಒಂದು ನಿಮಿಷವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸುತ್ತಾನೆ, ಪ್ರತಿ ಬಾರಿಯೂ ಬೇರೆ ಬೇರೆ ಮಾತು ಹೇಳಿ ತಂದೆಯನ್ನು ಬೀಳ್ಕೊಡುತ್ತಾನೆ. ಮೇ 16ರ ಕೊನೆಯ ಕಂತಿನಲ್ಲಿ ಪಾರ್ಸನ್ಸ್ ಮತ್ತು ಮಯೀಮ್ ಬಿಯಾಲಿಕ್ ನಡುವಯಸ್ಸಿನ ಶೆಲ್ಡನ್, ಏಮಿಯರಾಗಿ ಕಾಣಿಸಿಕೊಂಡಾಗ, ಇಷ್ಟೂ ಕಾಲ ನಾವು ಕೇಳಿದ್ದು ಆತ ಬರೆಯುತ್ತಿದ್ದ ಆತ್ಮಕಥೆಯೆಂಬುದು ತಿಳಿಯಿತು.

ತಾಳೆಯಾಗದ ಸಂಗತಿಗಳ ಪಟ್ಟಿಗೆ ಇದೇ ಉತ್ತರವೆಂದು ನಾನು ಓದಿಕೊಳ್ಳುತ್ತೇನೆ. ಗೆಳೆಯರನ್ನು ನಗಿಸಲು ಮೂವತ್ತರ ಹರೆಯದಲ್ಲಿ ಹೇಳಿದ ತಂದೆ ಒಬ್ಬ. ತಾನೇ ಮಕ್ಕಳ ತಂದೆಯಾದ ಮೇಲೆ ಮೇಜಿನ ಮುಂದೆ ಕೂತು ಬರೆದಾಗ ಕಂಡ ತಂದೆ ಇನ್ನೊಬ್ಬ. ಎರಡೂ ಒಂದೇ ಸಾಕ್ಷಿಯ ಹೇಳಿಕೆಗಳು, ಬೇರೆ ಬೇರೆ ತಾರೀಕಿನವು. ಚರಿತ್ರಕಾರ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹರಿದು ಹಾಕುವುದಿಲ್ಲ. ಯಾವುದನ್ನು ಯಾರಿಗೆ, ಯಾವಾಗ, ಏಕೆ ಹೇಳಿದ ಎಂದು ಕೇಳುತ್ತಾನೆ.

ಈ ಧಾರಾವಾಹಿ ಹೊರನಾಡಿನ ಕನ್ನಡಿಗರಾದ ನಮ್ಮನ್ನು ತಟ್ಟುವ ಬಗೆ ಅಮೆರಿಕದ ಪ್ರೇಕ್ಷಕರದಕ್ಕಿಂತ ತುಸು ಬೇರೆ. ‘ಬಿಗ್ ಬ್ಯಾಂಗ್’ನಲ್ಲಿ ನಮ್ಮವನೆನ್ನಬಹುದಾದ ಪಾತ್ರ ದೆಹಲಿಯಿಂದ ಹೋದ ರಾಜೇಶ್ ಕೂತ್ರಪಾಲಿಯದು, ಅವನನ್ನು ನೋಡಿ ನಾವು ನಕ್ಕದ್ದೂ ಉಂಟು, ಮುಜುಗರಪಟ್ಟದ್ದೂ ಉಂಟು. ಆದರೆ ನಮ್ಮ ಮನೆಗಳ ಕಥೆ ಇರುವುದು ಅವನಲ್ಲಿ ಅಲ್ಲ, ಟೆಕ್ಸಸ್‌ನ ಆ ಟೈರ್ ಅಂಗಡಿಯಲ್ಲಿ. ಪರೀಕ್ಷೆಗಳಲ್ಲಿ ಗೆದ್ದು ಮುಂಬೈಗೋ ಪುಣೆಗೋ ದೆಹಲಿಗೋ ಬಂದವರು ನಾವು. ಮನೆಯ ಇದ್ದ ಹಣ, ಇದ್ದ ಒಂದು ಮೇಜು, ಲಾಟೀನಿನ ಹತ್ತಿರದ ಜಾಗ ನಮ್ಮ ಓದಿಗೆ ಸಂದಿತು. ಅಷ್ಟು ಓದದ ಅಣ್ಣನೋ ತಮ್ಮನೋ ಊರಿನಲ್ಲಿ ಉಳಿದು ತೋಟ, ಅಂಗಡಿ, ತಂದೆಯ ಔಷಧಿ, ತಾಯಿಯ ಆಸ್ಪತ್ರೆ ಎಲ್ಲವನ್ನೂ ನೋಡಿಕೊಂಡ. ಊರಿನ ಬಗ್ಗೆ ಬರೆಯುವವರು ಮಾತ್ರ ಹೊರಗೆ ಬಂದ ನಾವೇ. ಪ್ರಬಂಧ, ಲಹರಿ, ನೆನಪಿನ ಅಂಕಣ ಎಲ್ಲದರಲ್ಲಿಯೂ ಲೇಖನಿ ನಮ್ಮ ಕೈಯಲ್ಲಿದೆ. ಅಪ್ಪ ಬೈಯುತ್ತಿದ್ದುದು, ಅರ್ಥವಾಗದೆ ಗೊಣಗುತ್ತಿದ್ದುದು ಅಲ್ಲಿ ಚೆನ್ನಾಗಿ ದಾಖಲಾಗುತ್ತದೆ. ಬಸ್ಸಿನ ಚಾರ್ಜಿಗೆ ಅವರು ಎಲ್ಲಿಂದ ಹಣ ತಂದರೆಂಬುದನ್ನು ಬಲ್ಲವನು ಊರಿನಲ್ಲಿದ್ದಾನೆ, ಆತ ಬರೆಯುವುದಿಲ್ಲ.

ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ನೋಡುತ್ತ ಬೆಳೆದ ತಲೆಮಾರು ನಮ್ಮದು. ಶಂಕರ್‌ನಾಗ್ ನಿರ್ದೇಶನದಲ್ಲಿ ಮಾಸ್ಟರ್ ಮಂಜುನಾಥ್ ಆಡಿದ ಸ್ವಾಮಿ ಪ್ರತಿಭಾವಂತನಲ್ಲ. ಲೆಕ್ಕಕ್ಕೆ ಹೆದರುವ, ತಂದೆಗೆ ಅಂಜುವ, ಎಲ್ಲ ಮನೆಗಳಲ್ಲಿರುವ ಹುಡುಗ. ನಮ್ಮ ಪ್ರೀತಿ ಅವನಿಗೆ ಸಂದದ್ದು ಆ ಕಾರಣಕ್ಕಾಗಿಯೇ. ಆದರೆ ತಂದೆತಾಯಿಯರಾದ ಮೇಲೆ ನಮ್ಮ ವಸತಿಗೃಹಗಳಲ್ಲಿ ನಾವು ಹುಡುಕುತ್ತಿರುವುದು ಸ್ವಾಮಿಯನ್ನಲ್ಲ, ಶೆಲ್ಡನ್‌ನನ್ನು. ಶೇಕಡಾ ಅಂಕಗಳ ಮಾತು ನಡೆಯುವ ಕೋಣೆಯಲ್ಲಿ ಎರಡನೆಯ ಮಗು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ. ಮಿಸ್ಸಿಯ ಪಾತ್ರವನ್ನು ನೋಡಿ ಕಣ್ಣು ತೇವಗೊಂಡವರು ಆ ಬಾಗಿಲನ್ನು ಬಲ್ಲವರು.

ಧಾರಾವಾಹಿ ಮುಗಿದ ವರ್ಷವೇ, 2024ರ ಅಕ್ಟೋಬರಿನಲ್ಲಿ, ಕವಲಿನಿಂದ ಇನ್ನೊಂದು ಕವಲು ಹೊರಟಿತು. ಅದರ ಹೆಸರು ‘ಜಾರ್ಜಿ ಅಂಡ್ ಮ್ಯಾಂಡೀಸ್ ಫಸ್ಟ್ ಮ್ಯಾರೇಜ್’. ಪ್ರೇಕ್ಷಕರ ಸಮ್ಮುಖದ ಚಿತ್ರೀಕರಣವೂ ನಗೆಯೂ ಮರಳಿವೆ, ಅದರ ಬಗ್ಗೆ ಮತ್ತೆ ಎರಡು ಅಭಿಪ್ರಾಯಗಳೂ ಇವೆ. ವಿಶೇಷವೆಂದರೆ ಅದರಲ್ಲಿ ಶೆಲ್ಡನ್‌ನ ನಿರೂಪಣೆಯಿಲ್ಲ. ತಂದೆ ತೀರಿದ ಮೇಲೆ ಮನೆಯನ್ನು ಹೊತ್ತು ನಿಂತ ಅಣ್ಣನ ಕಥೆಯನ್ನು ಹೇಳಲು ಬುದ್ಧಿವಂತ ತಮ್ಮನ ದನಿ ಈಗ ಬೇಕಾಗಿಲ್ಲ.